ದೇವಿದಾಸ ಮಾಮನ ಮುಂಬಯಿ ತಪಾಸಣೆ

ಕಾಳಿ ನದಿಯ ಉತ್ತರ ದಂಡೆಗೆ ಸದಾಶಿವಗಡ. ಗುಡ್ಡದ ತಲೆಯ ಮೇಲೆ ಹಳೆಯ ಕೋಟೆ, ಬುಡದಲ್ಲಿ ದೇವಿದಾಸ ಮಾಮನ ಮನೆ. ಕೋಟೆಯನ್ನು ಯಾರು ಯಾರೋ ಬಂದು ಗೆದ್ದು ಹೋಗಿದ್ದಾರೆ. ದೇವಿದಾಸ ಮಾಮನನ್ನು ನಂಬಿಸಿ ಹೋದವರು ಮಾತ್ರ ಇನ್ನೂ ಹುಟ್ಟಬೇಕು.

ಸರ್ಕಾರಿ ಬಸ್ಸುಗಳಲ್ಲಿ ಅವರು ಚೆಕಿಂಗ್ ಇನ್ಸ್‌ಪೆಕ್ಟರ್ ಆಗಿದ್ದರು. ಕಾರವಾರದಿಂದ ಅಂಕೋಲೆಗೆ ಹೋಗುವ ರಸ್ತೆಯಲ್ಲಿ ಯಾವ ತಿರುವಿನ ಯಾವ ಮರದ ಹಿಂದಿನಿಂದ ಪ್ರತ್ಯಕ್ಷರಾಗಿ ಕೈ ಅಡ್ಡ ಹಾಕುತ್ತಾರೆಂಬುದು ಕಂಡಕ್ಟರುಗಳಿಗೆ ಕೊನೆಯವರೆಗೂ ತಿಳಿಯಲಿಲ್ಲ. ಬಸ್ಸು ಹೊರಡುವ ಜಾಗದಲ್ಲಿ ಅವರು ಎಂದೂ ಹತ್ತಿದವರಲ್ಲ. ಸತ್ಯ ಸಿಗುವುದು ನಡುದಾರಿಯಲ್ಲಿ ಎಂಬುದು ಅವರ ಸಿದ್ಧಾಂತ. ಅಮದಳ್ಳಿಯಲ್ಲಿ ಹತ್ತಿದ ಒಂದು ದಿನ ತಾಯಿಯ ತೊಡೆಯ ಮೇಲಿದ್ದ ಕೂಸನ್ನು ‘ನಿನ್ನ ವಯಸ್ಸೆಷ್ಟು’ ಎಂದು ಕೇಳಿ, ಅದು ಉತ್ತರ ಕೊಡದೇ ಇದ್ದುದಕ್ಕೆ ಅನುಮಾನಪಟ್ಟರು ಎಂಬ ಕತೆ ಡಿಪೋದಲ್ಲಿ ಈಗಲೂ ಚಲಾವಣೆಯಲ್ಲಿದೆ.

೨೦೦೪ರಲ್ಲಿ ಮಾಮ ನಿವೃತ್ತರಾದರು. ಅನುಮಾನ ಸೇವೆಯಲ್ಲಿ ಮುಂದುವರಿಯಿತು. ಪೇಟೆಯಲ್ಲಿ ಬಾಂಗಡೆ ಮೀನಿನ ಕಿವಿರು ಎತ್ತಿ ನೋಡುವುದು ಎಲ್ಲರೂ ಮಾಡುವ ಕೆಲಸ. ಮಾಮ ಕಿವಿರು ಕೆಂಪಗಿದ್ದರೆ, ಇಷ್ಟು ಕೆಂಪಗೆ ಯಾಕಿದೆ ಎಂದು ಕೇಳುವವರು. ಅವರು ಮದುವೆಯಾಗಲಿಲ್ಲ. ಹೆಣ್ಣು ನೋಡಲು ಹೋದಲ್ಲಿ ಅವರು ಕೇಳುವ ಪ್ರಶ್ನೆಗಳು ಮುಗಿಯುವಷ್ಟರಲ್ಲಿ ಹೆಣ್ಣಿಗೆ ಬೇರೆ ಕಡೆ ಮದುವೆಯಾಗಿರುತ್ತಿತ್ತು.

ಇಂಥ ಮನುಷ್ಯ ಕಣ್ಣು ಮುಚ್ಚಿ ನಂಬುತ್ತಿದ್ದುದು ಭಜನೆಯನ್ನು ಮಾತ್ರ. ನಮ್ಮ ಕಡೆ ಶ್ರಾವಣದಲ್ಲಿ ದೇವಸ್ಥಾನಗಳಲ್ಲಿ ಸಪ್ತಾಹ ನಡೆಯುತ್ತದೆ. ದೀಪ ಹಚ್ಚಿದಲ್ಲಿಂದ ಕೊನೆಯ ಆರತಿಯವರೆಗೆ ಏಳು ದಿನ ಹಗಲೂ ರಾತ್ರಿ ವಿಠ್ಠಲನ ಮೇಲಿನ ಮರಾಠಿ ಹಾಡುಗಳಾದ ಅಭಂಗಗಳು ನಿಲ್ಲಬಾರದು. ಒಂದೊಂದು ವಾಡೆಯ, ಎಂದರೆ ಕೇರಿಯ, ಜನರಿಗೆ ಒಂದೊಂದು ಪಾಳಿ. ಮುಂದಿನ ಪಾಳಿಯವರು ಬಂದು, ಕೂತು, ಸಾಲನ್ನು ತಮ್ಮ ಬಾಯಿಗೆ ತೆಗೆದುಕೊಳ್ಳುವ ತನಕ ಹಿಂದಿನವರು ಬಿಡುವಂತಿಲ್ಲ. ಹೊಸ ಪಖವಾಜಿನವನ ಕೈ ಚರ್ಮದ ಮೇಲೆ ಬೀಳುವ ತನಕ ಹಳೆಯವನ ಕೈ ಏಳುವಂತಿಲ್ಲ. ಹಾಡು ತುಂಡಾದರೆ ಊರಿಗೆ ಒಳಿತಲ್ಲ. ಒಂದು ವರ್ಷ ಮುಂದಿನ ಪಾಳಿಯವರು ಮಳೆಗೆ ಹೊಳೆಯಾಚೆ ಸಿಕ್ಕಿಬಿದ್ದಾಗ ಮಾಮ ಒಬ್ಬರೇ ಹಾಡನ್ನು ಎತ್ತಿಹಿಡಿದು, ಧ್ವನಿ ಹೋಗಿ ಬರೀ ತುಟಿ ಆಡುವ ತನಕ ಹಾಡಿದರು. ಆಮೇಲೆ ಎಷ್ಟೋ ದಿನ ಅವರಿಗೆ ಮಾತು ಬರಲಿಲ್ಲ. ಕಂಡಕ್ಟರುಗಳ ಇತಿಹಾಸದಲ್ಲಿ ಅದು ಸುವರ್ಣಯುಗ.

ಮಾಮನ ಮನೆಯಲ್ಲೇ ಅವರ ತಂಗಿ ಚಂಪಕ್ಕ, ಗಂಡ ತೀರಿಕೊಂಡವರು, ಮತ್ತು ಚಂಪಕ್ಕನ ಮಗಳು ವಿಜೇತಾ. ವಿಜೇತಾ ಕಾರವಾರದ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ತಂದೆಯಿಲ್ಲದ ಹುಡುಗಿಯ ಮದುವೆಯಲ್ಲಿ ಸೋದರಮಾವನದೇ ಕೊನೆಯ ಮಾತು, ಆ ಮಾತನ್ನು ಮಾಮ ಎರಡು ಸಲ ಆಡಿಯಾಗಿತ್ತು. ಹಣಕೋಣದ ಬ್ಯಾಂಕಿನ ಹುಡುಗನನ್ನು ಬಿಟ್ಟದ್ದು, ಅವನು ಮಾಮ ಹೇಳಿದ್ದಕ್ಕೆಲ್ಲ ನಗುತ್ತಿದ್ದನೆಂಬ ಕಾರಣಕ್ಕೆ. ನನ್ನ ಮಾತಿಗೆ ನಾನೇ ನಗುವುದಿಲ್ಲ, ಇವನಿಗೇನು ಲಾಭ ಎಂದರು ಮಾಮ. ಕುಮಟೆಯ ಡಾಕ್ಟರನನ್ನು ಬಿಟ್ಟದ್ದು ಅವನ ಬೂಟಿಗಾಗಿ. ಆಷಾಢದ ಮಳೆಯಲ್ಲಿ ಬಂದವನ ಬೂಟಿಗೆ ಕೆಸರಿರಲಿಲ್ಲ. ಕೆಸರಿಲ್ಲದೆ ಬಂದವ ಎಲ್ಲಿಂದ ಬಂದ?

ಮೂರನೆಯ ಹುಡುಗನನ್ನು ವಿಜೇತಾ ತಾನೇ ಆರಿಸಿದಳು. ಭರತ, ಅಂಕೋಲೆಯವನು. ಗೆಳತಿಯ ಮದುವೆಯಲ್ಲಿ ಆಕ್ಟೋಪ್ಯಾಡ್ ಬಾರಿಸಲು ಬಂದಿದ್ದ. ಆಕ್ಟೋಪ್ಯಾಡೆಂದರೆ ರಬ್ಬರಿನ ಚೌಕಗಳಿರುವ ಕರೆಂಟಿನ ಹಲಗೆ. ಕಡ್ಡಿಯಿಂದ ಬಡಿದರೆ ತಬಲಾ, ಡೋಲು, ಗಾಜು ಒಡೆದ ಸದ್ದು, ಏನು ಬೇಕಾದರೂ ಬರುತ್ತದೆ. ಒಂದರಿಂದ ಇನ್ನೊಂದರ ಸದ್ದು ಬರಿಸುವ ವಸ್ತುವೇ ಮಾಮನಿಗೆ ಸೇರಲಿಲ್ಲ. ಮೇಲಿಂದ ಹುಡುಗ ಇರುವುದು ಮುಂಬಯಿಯಲ್ಲಿ, ದುಡಿಯುವುದು ರಾತ್ರಿ. ಅಲ್ಲಿನ ಬಾರುಗಳಲ್ಲಿ ಕುಣಿತ ನಿಷೇಧವಾಗಿ ಒಂದು ವರ್ಷವಾಗಿತ್ತು. ಕುಣಿತ ನಿಂತು ಹಾಡು ಉಳಿದಿತ್ತು. ಪೇಪರಿನಲ್ಲಿ ಮಾಮ ಅದನ್ನೆಲ್ಲ ಓದಿ, ಓದದಿದ್ದನ್ನೂ ಊಹಿಸಿಕೊಂಡಿದ್ದರು.

ವಿಜೇತಾ ಮಾಮನ ಎದುರು ಕೂತು ಮೆಲ್ಲಗೆ ಹೇಳಿದಳು: “ಮಾಮಾ, ಇದು ಮೂರನೇದು. ಇದನ್ನೂ ಮುರಿದ್ರೆ ನಾಲ್ಕನೇದಕ್ಕೆ ನಾನು ಸೀರೆ ಉಟ್ಕೊಂಡು ಚಾ ತರೂದಿಲ್ಲ. ಹೋಗಿ ನೋಡ್ಕೊಂಡು ಬನ್ನಿ. ಕಂಡದ್ದು ಹೇಳಿ, ಅಂದಾಜು ಹೇಳ್ಬೇಡಿ.”

ಭರತ ಆ ವಾರ ಎಲ್ಲೆಲ್ಲಿ ಬಾರಿಸುತ್ತಾನೆಂಬುದನ್ನೂ ಅವಳೇ ಹೇಳಿದಳು. ಗುರುವಾರ ದಾದರ್, ಶುಕ್ರವಾರ ಬಾಂದ್ರಾ, ಶನಿವಾರ ಚೆಂಬೂರ್. ಮಾಮನಿಗೆ ಮೊದಲ ಅನುಮಾನ ಹುಟ್ಟಿದ್ದೇ ಇಲ್ಲಿ. ಕೇಳುವ ಮೊದಲೇ ಟಿಕೆಟು ಮುಂದೆ ಚಾಚುವವನನ್ನು ಎರಡು ಸಲ ನೋಡಬೇಕೆಂದು ಅವರ ಅನುಭವ ಹೇಳುತ್ತಿತ್ತು.

ಹೀಗೆ, ಹುಡುಗನಿಗೆ ಗೊತ್ತಾಗದಂತೆ, ದೇವಿದಾಸ ಮಾಮ ದಂಡಯಾತ್ರೆಗೆ ಹೊರಟರು. ಮೈಮೇಲೆ ಬೂದು ಬಣ್ಣದ ಸಫಾರಿ ಸೂಟು, ಕೈಯಲ್ಲಿ ಚಂಪಕ್ಕ ಕಟ್ಟಿಕೊಟ್ಟ ಅವಲಕ್ಕಿ. ಕಾರವಾರದಲ್ಲಿ ರೈಲು ಹತ್ತಿ, ಎದುರಿಗೆ ಕೂತ ಗಂಡ-ಹೆಂಡತಿ ನಿಜವಾಗಿಯೂ ಗಂಡ-ಹೆಂಡತಿಯೇ ಎಂದು ರತ್ನಾಗಿರಿಯವರೆಗೂ ಪರಿಶೀಲಿಸಿ, ಜಗಳವಾಡುವುದನ್ನು ಕಂಡಮೇಲೆ ಒಪ್ಪಿಕೊಂಡು ನಿದ್ದೆಹೋದರು.

ಮುಂಬಯಿಯಲ್ಲಿ ಬಿಡಾರ ಹೂಡಿದ್ದು ಗಿರಗಾಂವದ ಚಾಳಿನಲ್ಲಿ, ಚಿಕ್ಕಮ್ಮನ ಮಗ ರಾಮನಾಥನ ಒಂದೂವರೆ ಕೋಣೆಯಲ್ಲಿ. ರಾಮನಾಥ ವಿಮಾ ಕಚೇರಿಯ ಗುಮಾಸ್ತ. ಆ ಊರಿನಲ್ಲಿ ಮೂವತ್ತು ವರ್ಷ ಕಳೆದವನು, ಅದರ ರಾತ್ರಿಗಳ ಬಗ್ಗೆ ಅಧಿಕಾರವಾಣಿಯಿಂದ ಮಾತಾಡುವವನು. ತಾನು ಮಾತ್ರ ಒಂಬತ್ತೂವರೆಗೆ ಹಾಸಿಗೆ ಸೇರುತ್ತಿದ್ದ.

“ದಾದಾ, ಇಲ್ಲಿ ರಾತ್ರಿ ಅಂದ್ರೆ ಒಂದೇ ಅಲ್ಲ. ಪೇಟೆಪೇಟೆಗೆ ಬೇರೆ ರಾತ್ರಿ ಅದೆ,” ಎಂದು ರಾಮನಾಥ ಶುರು ಮಾಡಿದ. ಗಿರಗಾಂವದ ರಾತ್ರಿ ನಾಟಕ ನೋಡಿ ಬಂದು ಮಜ್ಜಿಗೆ ಕುಡಿದು ಮಲಗುತ್ತದೆಯಂತೆ. ದಾದರಿನದು ಹಳೆಯ ಹಾಡು ಕೇಳಿ ಕಣ್ಣೊರೆಸಿಕೊಳ್ಳುತ್ತದೆ. ಬಾಂದ್ರಾದ ರಾತ್ರಿ ಗಿರಗಾಂವದ್ದು ಮಲಗಿದ ಮೇಲೆ ಏಳುತ್ತದೆ, ಇಂಗ್ಲಿಷಿನಲ್ಲಿ ಹಾಡುತ್ತದೆ. ಚೆಂಬೂರಿನದರ ಬಗ್ಗೆ ಹೇಳುವಾಗ ಅವನು ಒಲೆಯ ಬಳಿಯಿದ್ದ ಹೆಂಡತಿಯ ಕಡೆ ನೋಡಿ ಸ್ವರ ತಗ್ಗಿಸಿದ. ಮಾಮ ಹುಬ್ಬು ಗಂಟಿಕ್ಕಿ ಕೇಳಿದರು. ಅವರಿಗೆ ಗೊತ್ತಿದ್ದ ರಾತ್ರಿ ಕಾರವಾರದ್ದು. ಹಣಕೋಣದ ಕೊನೆಯ ಬಸ್ಸು ಹೋದ ಮೇಲೆ ಅದರಲ್ಲಿ ನಾಯಿಗಳೂ ಸಮುದ್ರವೂ ಮಾತ್ರ ಇರುತ್ತಿದ್ದವು. ಎರಡರ ಮೇಲೂ ಮಾಮನಿಗೆ ತಕರಾರಿರಲಿಲ್ಲ.

ಗುರುವಾರ ದಾದರಿನ ಸಭಾಂಗಣಕ್ಕೆ ಅವರು, ಪದ್ಧತಿಯಂತೆ, ಅರ್ಧ ಕಾರ್ಯಕ್ರಮ ಕಳೆದ ಮೇಲೆ ನುಗ್ಗಿದರು. ನೋಡಿದರೆ ಸಭಾಂಗಣದ ತುಂಬ ಸ್ವೆಟರ್ ಹಾಕಿದ ಅಜ್ಜಂದಿರು, ಮೊಗ್ಗು ಮುಡಿದ ಅಜ್ಜಿಯಂದಿರು. ವೇದಿಕೆಯ ಮೇಲೆ ಒಬ್ಬರು ಹಳೆಯ ಸಿನಿಮಾ ಹಾಡು ಹೇಳುತ್ತಿದ್ದರು. ಹಿಂದೆ ಮೂಲೆಯಲ್ಲಿ, ವಿಜೇತಾ ತೋರಿಸಿದ್ದ ಫೋಟೋದಲ್ಲಿದ್ದ ಅದೇ ಕಪ್ಪು ಅಂಗಿಯಲ್ಲಿ, ಭರತ. ಪಕ್ಕದ ಅಜ್ಜಿ ಮಾಮನ ಕೈಗೆ ಏಲಕ್ಕಿ ಹಾಕಿದ ಪೇಢೆ ಇಟ್ಟಳು. ಮಾಮ ಅದನ್ನು ತಿನ್ನದೆ ಜೇಬಿಗೆ ಹಾಕಿದರು. ಇಷ್ಟು ಮರ್ಯಾದಸ್ಥರು ಒಂದೇ ಕಡೆ ತಾವಾಗಿ ಸೇರುವುದಿಲ್ಲ, ಯಾರೋ ಸೇರಿಸಿದ್ದಾರೆ ಎಂಬುದು ಆ ದಿನದ ತೀರ್ಮಾನ. ಹುಡುಗನ ಕಡೆಯವರು ದಾದರ್ ಪೂರ್ತಿಯನ್ನೇ ತಮ್ಮ ಕಡೆ ಮಾಡಿಕೊಂಡಿರಬಹುದು.

ಶುಕ್ರವಾರ ಬಾಂದ್ರಾ. ಅಲ್ಲಿ ಹಾಡು ನೆಲದಡಿಯಲ್ಲಿತ್ತು. ಮೆಟ್ಟಿಲ ಬಾಯಿಯಲ್ಲಿ ಬಾಗಿಲಿನಷ್ಟೇ ಅಗಲದ ಒಬ್ಬ ಮನುಷ್ಯ ನಿಂತಿದ್ದ. ಅವನು ಮಾಮನನ್ನು ತಲೆಯಿಂದ ಕಾಲಿನವರೆಗೆ ನೋಡಿ, ಜೇಬು ತಡವಿ, ನಿನ್ನೆಯ ಪೇಢೆಯನ್ನು ಹೊರತೆಗೆದು ಮೂಸಿ, ಇದೇನೆಂದು ಕೇಳಿದ. ಇಡೀ ಸೇವಾವಧಿಯಲ್ಲಿ ಅಂಕೋಲೆಯಿಂದ ಗೋವೆಯವರೆಗಿನ ಜನರ ಜೇಬಿಗೆ ಕೈ ಹಾಕಿಸಿದ್ದ ದೇವಿದಾಸ ಮಾಮ ಮೊದಲ ಸಲ ತಪಾಸಣೆಗೊಳಗಾದರು. ಕೊನೆಗೆ ಅವನು ಅವರ ಮುಂಗೈ ಹಿಡಿದು ನೀಲಿ ಮುದ್ರೆಯೊಂದನ್ನು ಒತ್ತಿದ. ಸಂತೆಯ ಎಮ್ಮೆಗೆ ಹಾಕುವ ಹಾಗೆ, ಎಂದು ಮಾಮ ಆಮೇಲೆ ವರ್ಣಿಸಿದರು.

ಒಳಗೆ ಕೂರುವ ಪದ್ಧತಿಯಿರಲಿಲ್ಲ. ಹುಡುಗ ಹುಡುಗಿಯರು ನಿಂತಲ್ಲೇ, ಗದ್ದೆಯಲ್ಲಿ ಕೊಕ್ಕರೆ ಆಡಿಸುವ ಹಾಗೆ, ತಲೆ ಮುಂದಕ್ಕೂ ಹಿಂದಕ್ಕೂ ಆಡಿಸುತ್ತಿದ್ದರು. ಉದ್ದ ಕೂದಲಿನವನೊಬ್ಬ ಗಿಟಾರಿನ ಮೇಲೆ ಯಾವುದೋ ಹಳೆಯ ದ್ವೇಷ ತೀರಿಸಿಕೊಳ್ಳುತ್ತಿದ್ದ. ಹಿಂದೆ ಭರತ ದೊಡ್ಡ ಡ್ರಮ್ಮುಗಳ ನಡುವೆ ಬೆವರುತ್ತಿದ್ದ. ಮಾಮ ಲಿಂಬು ಸೋಡಾ ಕೊಂಡರು. ಅದರ ಬೆಲೆಯನ್ನು ಅವರು ಇಂದಿಗೂ ಯಾರಿಗೂ ಹೇಳಿಲ್ಲ. ಹಾಡು ಮುಗಿದಾಗ ಒಬ್ಬ ಹುಡುಗಿ ಭರತನಿಗೆ ಬಾಟಲಿ ಕೊಟ್ಟಳು, ಅವನು ಗಟಗಟ ಕುಡಿದ. ಮಾಮನ ಎದೆ ಹಿಗ್ಗಿತು. ಸಿಕ್ಕಿಬಿದ್ದ. ಗುಂಪು ಕರಗಿದ ಮೇಲೆ ವೇದಿಕೆಯ ಪಕ್ಕ ಹೋಗಿ, ಖಾಲಿ ಬಾಟಲಿ ಎತ್ತಿ ಮೂಸಿ ನೋಡಿದರು. ನೀರು. ಮರುದಿನ ಇದನ್ನು ತುಸು ನಿರಾಸೆಯಿಂದಲೇ ರಾಮನಾಥನಿಗೆ ಹೇಳಿದಾಗ ಅವನು, ವಾಸನೆಯೇ ಇಲ್ಲದ ಹೆಂಡವೂ ಇರುತ್ತದೆ ಎಂಬ ಅಮೂಲ್ಯ ಮಾಹಿತಿ ಕೊಟ್ಟ. ಮಾಮ ಪೂರ್ತಿ ಚೇತರಿಸಿಕೊಂಡರು. ವಾಸನೆಯಿಲ್ಲದಿರುವುದೇ ಪುರಾವೆಯಾಯಿತು.

ಶನಿವಾರ ಚೆಂಬೂರಿಗೆ ರಾಮನಾಥ ಬರಲೊಪ್ಪಲಿಲ್ಲ. ಹೆಂಡತಿಯ ಕಡೆ ಮತ್ತೊಮ್ಮೆ ನೋಡಿ, ನಾಳೆ ಬೇಗ ಏಳಬೇಕು ಎಂದ. ನಾಳೆ ಭಾನುವಾರ ಎಂದು ಮಾಮ ನೆನಪಿಸಲಿಲ್ಲ. ಒಬ್ಬರೇ ಲೋಕಲ್ ಹತ್ತಿದರು.

ಆ ಬಾರಿನಲ್ಲಿ ಗಾಜಿನ ಬಾಗಿಲು, ಕೆಂಪು ದೀಪ. ಒಳಗೆ ಚಿಕ್ಕ ವೇದಿಕೆಯ ಮೇಲೆ ಜರಿ ಸೀರೆಯ ಹಾಡುಗಾರ್ತಿಯರು ಕುರ್ಚಿಗಳಲ್ಲಿ ಸಾಲಾಗಿ ಕೂತಿದ್ದರು. ಕಾಯಿದೆಯ ಪ್ರಕಾರ ಹಾಡಬಹುದು, ಕುಣಿಯಬಾರದು. ಹಾಗಾಗಿ ಹಾಡುವವಳು ಕಾಲು ನೆಲಕ್ಕೆ ಹೊಲಿದ ಹಾಗೆ ನಿಂತು ಹಾಡುತ್ತಿದ್ದಳು. ಹಿಂದೆ ಆಕ್ಟೋಪ್ಯಾಡಿನ ಮುಂದೆ ಭರತ.

ಮಾಮ ಒಳಗೆ ಬಂದವರು ಕೂರಲಿಲ್ಲ. ನಡುವಿನ ಕಂಬದ ಬಳಿ ವೇದಿಕೆಗೆ ಬೆನ್ನು ಹಾಕಿ, ಕೈಗಳನ್ನು ಹಿಂದೆ ಕಟ್ಟಿ ನಿಂತರು, ಬಸ್ಸಿನ ನಡುವೆ ನಿಂತು ಹಿಂದಿನ ಸೀಟಿನವರೆಗೆ ಕಣ್ಣು ಹಾಯಿಸುವ ಹಾಗೆ. ಸಫಾರಿ ಸೂಟು, ಕತ್ತರಿಸಿದ ಮೀಸೆ, ಯಾರನ್ನೂ ನಂಬದ ಮುಖ. ಮ್ಯಾನೇಜರನಿಗೆ ಬೇರೆ ಗುರುತು ಬೇಕಾಗಲಿಲ್ಲ. ಸಾದಾ ಉಡುಪಿನಲ್ಲಿ ಪೊಲೀಸ್ ಸಾಹೇಬರು ಬಂದಿದ್ದಾರೆ. ಅವನು ಬೆರಳು ಆಡಿಸಿದ. ಕೆಂಪು ದೀಪ ಆರಿ ಬಿಳಿ ದೀಪ ಹತ್ತಿತು. ಗಿರಾಕಿಗಳು ಗ್ಲಾಸುಗಳನ್ನು ತಾವು ತರಿಸಿದ್ದಲ್ಲವೆಂಬಂತೆ ದೂರ ಸರಿಸಿದರು. ಪ್ರೇಮಗೀತೆ ಮೊದಲ ಚರಣದಲ್ಲೇ ಮುಗಿದು, ಜರಿ ಸೀರೆಯವಳು ತಲೆಯ ಮೇಲೆ ಸೆರಗು ಹೊದ್ದು, ವಿಠ್ಠಲನ ಅಭಂಗ ಎತ್ತಿಕೊಂಡಳು.

ಮಾಮನ ರೋಮ ರೋಮವೂ ಎಚ್ಚರಗೊಂಡಿತು. ಬಾರಿನಲ್ಲಿ ಅಭಂಗ. ಇದಕ್ಕಿಂತ ದೊಡ್ಡ ಪುರಾವೆ ಇನ್ನೇನು ಬೇಕು? ಏನನ್ನೋ ಮುಚ್ಚುತ್ತಿದ್ದಾರೆ, ಮುಚ್ಚುತ್ತಿರುವುದು ಹಿಂಬಾಗಿಲಿನಿಂದ ಹೊರಹೋಗುತ್ತಿದೆ. ಅವರು ವೇದಿಕೆಯತ್ತ ತಿರುಗದೆ ಹಿಂಬಾಗಿಲಿನ ಮೇಲೆ ಕಣ್ಣು ನೆಟ್ಟರು.

ಅಷ್ಟರಲ್ಲಿ ಬೆನ್ನ ಹಿಂದೆ ಅನಾಹುತ ನಡೆಯಿತು. ಹಾಡುಗಾರ್ತಿಗೆ ಆ ಅಭಂಗ ಬರುತ್ತಿದ್ದುದು ಎರಡು ಚರಣ ಮಾತ್ರ. ಪಾಪ, ಸಾಹೇಬರ ಭಯಕ್ಕೆ ಎರಡನೆಯದರ ಕೊನೆಯ ಸಾಲೂ ಮರೆತುಹೋಯಿತು. ಸಾಲಿನ ನಡುವೆ ಅವಳ ಧ್ವನಿ ತಡವರಿಸಿ, ಇಳಿದು, ನಿಂತೇಹೋಗುವುದರಲ್ಲಿತ್ತು.

ದೇವಿದಾಸ ಮಾಮ ಆ ಗಳಿಗೆಯಲ್ಲಿ ಯೋಚಿಸಲಿಲ್ಲ. ಯೋಚಿಸಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಅವರಿಗೆ ಕೇಳಿಸಿದ್ದು ಬಾರಲ್ಲ, ಚೆಂಬೂರಲ್ಲ. ಅಭಂಗವೊಂದು ತುಂಡಾಗುತ್ತಿದೆ, ಮುಂದಿನ ಪಾಳಿಯವರು ಬಂದಿಲ್ಲ. ಶ್ರಾವಣ ಶ್ರಾವಣಗಳಲ್ಲಿ ಪಳಗಿದ ಬಾಯಿ ತಾನಾಗಿ ತೆರೆದುಕೊಂಡಿತು. ಹಿಂಬಾಗಿಲನ್ನು ದುರುಗುಟ್ಟಿ ನೋಡುತ್ತಲೇ ಅವರು ಬಿದ್ದುಹೋಗುತ್ತಿದ್ದ ಸಾಲನ್ನು ಹಿಡಿದು ಮೇಲೆತ್ತಿದರು, ಸದಾಶಿವಗಡದ ನಮ್ಮ ವಾಡೆಯ ಧಾಟಿಯಲ್ಲಿ, ಗುಡ್ಡದ ಮೇಲಿನ ಕೋಟೆಗೂ ಕೇಳಿಸುವ ಸ್ವರದಲ್ಲಿ.

ಅವರ ಎರಡನೆಯ ಶಬ್ದಕ್ಕೇ ಹಿಂದಿನಿಂದ ತಾಳದ ಪೆಟ್ಟು ಬಂತು. ಸಿನಿಮಾದ ಪೆಟ್ಟಲ್ಲ. ಯಾರೋ ಆ ಕರೆಂಟಿನ ಹಲಗೆಯಿಂದ ಪಖವಾಜಿನ ಸದ್ದು ಹೊರಡಿಸಿ, ನಮ್ಮ ಕಡೆಯ ಭಜನೆಯ ನಡೆಯಲ್ಲಿ ಅವರ ಧ್ವನಿಯ ಕೆಳಗೆ ಮಣೆ ಹಾಕಿದ್ದರು. ಮಾಮ ತಿರುಗಿ ನೋಡಿದರು. ಭರತ ಅವರ ತುಟಿಯನ್ನೇ ನೋಡುತ್ತ ಬಾರಿಸುತ್ತಿದ್ದ.

ಈಗ ಇಬ್ಬರೂ ಸಿಕ್ಕಿಬಿದ್ದರು. ಎತ್ತಿದ ಹಾಡನ್ನು ಯಾರಾದರೂ ತೆಗೆದುಕೊಳ್ಳುವ ತನಕ ಮಾಮ ಬಿಡುವಂತಿಲ್ಲ. ಹಾಡುವವರು ನಿಲ್ಲಿಸುವ ತನಕ ಭರತ ಬಿಡುವಂತಿಲ್ಲ. ಪೊಲೀಸ್ ಸಾಹೇಬರು ಭಕ್ತಿಯಲ್ಲಿರುವಾಗ ನಿಲ್ಲಿಸಿ ಎನ್ನುವ ಧೈರ್ಯ ಬಾರಿನಲ್ಲಿ ಯಾರಿಗೂ ಇಲ್ಲ. ಅಭಂಗ ಮುಗಿದು ಇನ್ನೊಂದು ಶುರುವಾಯಿತು, ಅದು ಮುಗಿದು ಮತ್ತೊಂದು. ಗಿರಾಕಿಗಳು ಮೊದಲು ಹೆದರಿ, ಆಮೇಲೆ ಬೇಸತ್ತು, ಕೊನೆಗೆ ದಾರಿ ಕಾಣದೆ ಚಪ್ಪಾಳೆಯ ತಾಳ ಹಾಕತೊಡಗಿದರು. ಒಬ್ಬ ಅಳುತ್ತಿದ್ದ, ಭಕ್ತಿಯಿಂದಲೋ ಕುಡಿತದಿಂದಲೋ ತಿಳಿಯಲಿಲ್ಲ. ಹಾಡಿನ ನಡುವೆಯೂ ಮಾಮನ ಕಣ್ಣು ಸುಮ್ಮನಿರಲಿಲ್ಲ. ಭರತನ ಮೊಬೈಲು ಪಕ್ಕದ ಸ್ಟೂಲಿನ ಮೇಲೆ ಮತ್ತೆ ಮತ್ತೆ ಹೊಳೆದು ಆರುತ್ತಿದ್ದುದನ್ನು ಅವರು ಕಂಡರು. ಅವನು ಅತ್ತ ತಿರುಗಲಿಲ್ಲ.

ಮಾಮನ ಧ್ವನಿ ಒಡೆಯತೊಡಗಿತು. ಆಗ ಎದ್ದು ನಿಂತವಳು ಆ ಜರಿ ಸೀರೆಯ ಹಾಡುಗಾರ್ತಿಯೇ. ಕೂತಲ್ಲಿಂದ ಕೇಳಿ ಕೇಳಿ ಪಲ್ಲವಿ ಅವಳಿಗೆ ಬಾಯಿಪಾಠವಾಗಿತ್ತು. ಅವಳು ಮಾಮನ ಸಾಲು ಮುಗಿಯುವ ಮೊದಲೇ ಅದರೊಳಗೆ ತನ್ನ ಧ್ವನಿ ಸೇರಿಸಿ, ತಾಳ ಒಂದಿಷ್ಟೂ ಕದಲದಂತೆ, ಹಾಡನ್ನು ತನ್ನ ಕಡೆ ತೆಗೆದುಕೊಂಡಳು. ಸಪ್ತಾಹದಲ್ಲೂ ಇಷ್ಟು ನಯವಾಗಿ ಪಾಳಿ ಬದಲಾದದ್ದನ್ನು ಮಾಮ ಕಂಡಿರಲಿಲ್ಲ. ಅವರು ಕಂಬಕ್ಕೆ ಒರಗಿ ಕುಸಿದು ಕೂತರು.

ಬಾರು ಮುಚ್ಚಿದ ಮೇಲೆ ಭರತ ಸಾಮಾನು ಕಟ್ಟಿಕೊಂಡು ಅವರ ಬಳಿ ಬಂದ. “ಕಾಕಾ, ಗಡದ ಕಡೆಯವ್ರಾ?” ಎಂದು ಕನ್ನಡದಲ್ಲಿ ಕೇಳಿದ.

“ಅಲ್ಲ. ಕೊಲ್ಹಾಪುರ,” ಎಂದರು ಮಾಮ, ಕನ್ನಡದಲ್ಲಿ.

“ಕೊಲ್ಹಾಪುರದವ್ರು ನಮ್ಮ ಕನ್ನಡದಲ್ಲಿ ಸುಳ್ಳು ಹೇಳೂದು ಇವತ್ತೇ ಕೇಳಿದ್ದು,” ಎಂದು ಅವನು ನಕ್ಕ. ಹೆಚ್ಚು ಕೆದಕಲಿಲ್ಲ. ಈ ಹೊತ್ತಿನಲ್ಲಿ ಒಬ್ಬರೇ ಹೋಗುವುದು ಬೇಡವೆಂದು ಟ್ಯಾಕ್ಸಿ ಹಿಡಿದು ಸ್ಟೇಷನ್ನಿಗೆ ಕರೆತಂದ. ದಾರಿಯಲ್ಲಿ ಮಾಮ ತಡೆಯಲಾರದೆ ಕೇಳಿದರು: “ಫೋನು ಹೊಳೀತಾ ಇತ್ತಲ್ಲ, ಎಂತಕೆ ಎತ್ತಲಿಲ್ಲ?”

“ಅಂಧೇರಿಯವ್ರದ್ದು. ಅಲ್ಲಿ ಇನ್ನೊಂದು ಪ್ರೋಗ್ರಾಂ ಇತ್ತು. ಬೇರೆಯವ್ನನ್ನ ಕೂಡ್ಸಿರ್ತ್ರು ಈಗ.”

“ನನ್ನನ್ನ ಬಿಟ್ಟು ಹೋಗ್ಬೋದಿತ್ತು.”

“ಹಾಡೂವವ್ರನ್ನ ನಡುದಾರೀಲಿ ಬಿಟ್ಟು ಹೋಗೂದಾ? ನಮ್ಮ ಹೊನ್ನತ್ತೆಗೆ ಗೊತ್ತಾದ್ರೆ ಕಾಲು ಮುರೀತಿದ್ಳು.”

ಊರಿಗೆ ಮರಳುವ ರೈಲಿನಲ್ಲಿ ಮಾಮ ಎದುರು ಸೀಟಿನವರನ್ನು ನೋಡಲೂ ಇಲ್ಲ. ಅವರು ತಮ್ಮ ಅನುಮಾನಗಳನ್ನು ಒಂದೊಂದಾಗಿ ಹೊರತೆಗೆದು ಮೂಸುತ್ತಿದ್ದರು. ಹುಡುಗನಿಗೆ ತಾನು ಯಾರೆಂದು ಮೊದಲೇ ಗೊತ್ತಿತ್ತೇ? ವಿಜೇತಾ ಫೋಟೋ ಕಳಿಸಿದ್ದಳೇ? ಹೆಣ್ಣಿನ ಮಾಮನನ್ನು ಮೆಚ್ಚಿಸಲು ಬಾರಿಸಿದನೇ? ಆದರೆ ತಾನು ಬಾಯಿ ತೆರೆದಾಗ ಅವನಿಗೆ ಕಂಡದ್ದು ತನ್ನ ಬೆನ್ನು ಮಾತ್ರ. ಮುಖ ತಿರುಗುವ ಮೊದಲೇ ಪೆಟ್ಟು ಬಿದ್ದಾಗಿತ್ತು. ಬೆನ್ನಿನ ಗುರುತು ಹಿಡಿದು ಯಾರೂ ಮೋಸ ಮಾಡಲಾರರು. ಎಷ್ಟು ಹಿಂಡಿದರೂ ಆ ಒಂದು ಪೆಟ್ಟಿನಿಂದ ಅನುಮಾನದ ಹನಿ ಇಳಿಯಲಿಲ್ಲ. ಮಡಗಾಂವ ದಾಟುವಾಗ ಅವರು ಸೋಲೊಪ್ಪಿಕೊಂಡರು.

ಮನೆಯಲ್ಲಿ ಚಂಪಕ್ಕ ಕಾಯಿ ತುರಿಯುತ್ತಿದ್ದರು. ವಿಜೇತಾ ಬಾಗಿಲಿಗೆ ಒರಗಿ ನಿಂತಿದ್ದಳು. ಮಾಮ ಕಾಲು ತೊಳೆದು ಬಂದು ಹೇಳಿದರು: “ಹುಡುಗ ಅಡ್ಡಿಲ್ಲ.”

ಅವರ ಬಾಯಿಂದ ಇಷ್ಟು ದೊಡ್ಡ ಹೊಗಳಿಕೆ ಅದುವರೆಗೆ ಯಾರಿಗೂ ಸಿಕ್ಕಿರಲಿಲ್ಲ, ದೇವರಿಗೂ. ಅಲ್ಲಿಗೇ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಹೇಗೆ ಗೊತ್ತಾಯಿತೆಂದು ಚಂಪಕ್ಕ ಕೇಳಿದರು. ಕಂಡದ್ದನ್ನು ಹೇಳಬೇಕೆಂದು ವಿಜೇತಾ ಕರಾರು ಹಾಕಿದ್ದಳು. ಜೀವಮಾನವೆಲ್ಲ ಬೇರೆಯವರಿಂದ ನಿಜ ಬಿಡಿಸಿದ ಮನುಷ್ಯ ಈಗ ತಾನೇ ಹೇಳಬೇಕಾಯಿತು. ಬಾರು, ಬಿಳಿ ದೀಪ, ಜರಿ ಸೀರೆ, ಅಭಂಗ, ಒಂದನ್ನೂ ಬಿಡದೆ ಹೇಳಿದರು. ಚಂಪಕ್ಕ ತುರಿಮಣೆ ಬಿಟ್ಟು ಎದ್ದು ಕಿಟಕಿ ಮುಚ್ಚಿದರು. ತಡವಾಗಿತ್ತು. ಕಿಟಕಿಯ ಆಚೆ ನೆರೆಯವರು ಆಗಲೇ ಬಟ್ಟೆ ಒಣಹಾಕಿ ಮುಗಿಸಿದ್ದರು.

ಸುದ್ದಿ ಕಾಳಿಯ ಸೇತುವೆ ದಾಟಿ, ಕಾರವಾರದಲ್ಲಿ ಬಸ್ಸು ಬದಲಿಸಿ, ಅಂಕೋಲೆ ಮುಟ್ಟುವಷ್ಟರಲ್ಲಿ ಬೆಳೆದು ಹೆಮ್ಮರವಾಗಿತ್ತು. ಹೆಣ್ಣಿನ ಸೋದರಮಾವ ಮುಂಬಯಿಯ ಬಾರುಗಳಲ್ಲಿ ಹೆಂಗಸರ ಜೊತೆ ಹಾಡುತ್ತಾನಂತೆ. ಭರತನ ಹೊನ್ನತ್ತೆಯಿಂದ ಹೇಳಿಕೆ ಬಂತು. ತಾಯಿಯಿಲ್ಲದ ಅವನನ್ನು ಸಾಕಿದವಳು ಆಕೆ, ಇಶಾಡ ಮಾವಿನ ತೋಟವನ್ನು ಒಬ್ಬಳೇ ನೋಡಿಕೊಳ್ಳುವವಳು. ಮದುವೆ ಮಾತು ಸದ್ಯಕ್ಕೆ ನಿಲ್ಲಲಿ, ನಾನೇ ಬಂದು ವಿಚಾರಿಸುತ್ತೇನೆ, ಎಂದಿದ್ದಳು. ಭರತ ಫೋನಿನಲ್ಲಿ ಎಷ್ಟು ಹೇಳಿದರೂ ಕೇಳಲಿಲ್ಲವಂತೆ. ಹುಡುಗರ ಮಾತನ್ನು ಅವಳು ನಂಬುವುದಿಲ್ಲ.

ವಿಜೇತಾ ಮಾಮನ ಮೇಲೆ ಸಿಟ್ಟಾಗಲಿಲ್ಲ. ಶಾಲೆಗೆ ಹೊರಟವಳು ಚಪ್ಪಲಿ ಮೆಟ್ಟುತ್ತ ಇಷ್ಟೇ ಹೇಳಿದಳು: “ನೀವು ಮುರೀದೇ ಬಂದದ್ದು ಈಗ ನಿಮ್ಮಿಂದ್ಲೇ ಮುರೀತದೆ, ಮಾಮಾ.” ಬೈದಿದ್ದರೆ ಮಾಮ ಉತ್ತರ ಕೊಡುತ್ತಿದ್ದರು. ಈಗ ಅಂಗಳದವರೆಗೆ ಅವಳ ಹಿಂದೆ ನಡೆದು ಮರಳಿದರು.

ಹೊನ್ನತ್ತೆ ಸೋಮವಾರ ಬಂದಳು. ನಮ್ಮ ಕಡೆ ಸೋಮವಾರ ಮೀನು ಮಾಡುವುದಿಲ್ಲ. ಸೋಮವಾರ ಬರುವ ನೆಂಟರು ಮೀನಿನ ಸಾರಿಗೆ ಕರಗುವ ಉದ್ದೇಶ ಇಟ್ಟುಕೊಂಡಿರುವುದಿಲ್ಲ ಎಂದು ತಿಳಿಯಬೇಕು. ಬಂದವಳು ಸೀದಾ ಮನೆಗೆ ಬರಲಿಲ್ಲ. ಒಂದು ನಿಲ್ದಾಣ ಮೊದಲೇ ಇಳಿದು, ಕ್ಷೌರದಂಗಡಿಯ ಮುಂದೆ ನಿಂತು ಏನೋ ಕೇಳಿ, ಕಿರಾಣಿ ಅಂಗಡಿಯಲ್ಲಿ ಬೇಡದ ಸಾಬೂನು ಕೊಂಡು ಏನೋ ಕೇಳಿ, ದೇವಸ್ಥಾನದ ಭಟ್ಟರನ್ನು, ಈ ಮನುಷ್ಯ ಭಜನೆಗೆ ಕೂತಾಗ ಬಾಯಿ ವಾಸನೆ ಬರುತ್ತದೆಯೇ ಎಂದು ನೇರವಾಗಿಯೇ ಕೇಳಿದಳು. ಮಾಮ ಕಿಟಕಿಯ ಸಂದಿಯಿಂದ ಎಲ್ಲ ನೋಡುತ್ತಿದ್ದರು. ಅವರಿಗೆ ಗೌರವ ಉಕ್ಕಿಬಂತು. ಎಂಥ ಕಸಬು! ಇಲಾಖೆಯಲ್ಲಿ ಇಂಥವರು ಇನ್ನಿಬ್ಬರಿದ್ದರೆ ಸಾಕಿತ್ತು.

ಹೊನ್ನತ್ತೆ ಜಗಲಿಯಲ್ಲಿ ಕೂತಳು. ಚಂಪಕ್ಕ ಕೊಟ್ಟ ಚಾವನ್ನು ಮುಟ್ಟಲಿಲ್ಲ.

“ಬಾರಲ್ಲಿ ಹಾಡಿದ್ದು ಹೌದಾ?”

“ಹೌದು.”

“ಎಂತಕೆ?”

“ಅಭಂಗ ತುಂಡಾಗ್ತಾ ಇತ್ತು.”

ಹೊನ್ನತ್ತೆ ಚಾ ಲೋಟವನ್ನು ಇನ್ನಷ್ಟು ದೂರ ಸರಿಸಿದಳು. “ಮತ್ತೆ ನಿಮ್ಮ ಕೈಯಿಂದ ಹಾಡು ತಕಂಡವ್ರು ಯಾರು?”

“ಆ ಹಾಡೂ ಹೆಂಗಸೇ.”

“ತಾಳ ತಪ್ಪಿತ್ತಾ?”

“ಇಲ್ಲ. ನಮ್ಮವ್ರಿಗಿಂತ ಚಲೋ ತಕಂಡ್ಳು.”

ಇದು ಅವಳಿಗೆ ಒಪ್ಪಿಗೆಯಾದಂತೆ ಕಂಡಿತು, ಆದರೆ ಪೂರ್ತಿಯಾಗಿ ಅಲ್ಲ. ಹೇಳುವುದು ಯಾರು ಬೇಕಾದರೂ ಹೇಳುತ್ತಾರೆ, ಆ ಅಭಂಗ ಹಾಡಿ ನೋಡೋಣ ಎಂದಳು. ಮಾಮ ಗಂಟಲು ಸರಿಮಾಡಿಕೊಂಡು ಹಾಡಿದರು. ಹಾಡುತ್ತ ಹಾಡುತ್ತ ಅವರ ಒಳಗಿನ ಇನ್ಸ್‌ಪೆಕ್ಟರ್ ಎಚ್ಚೆತ್ತ. ಪರೀಕ್ಷೆ ಮಾಡಲು ಬಂದ ಇವಳನ್ನು ಪರೀಕ್ಷೆ ಮಾಡಿದವರು ಯಾರು? ಹುಡುಗಿ ನಾಳೆ ಇವಳ ಮನೆಯಲ್ಲಿ ಬಾಳಬೇಕು. ಮಾಮ ಬೇಕೆಂದೇ ಸಾಲಿನ ನಡುವೆ ನಿಲ್ಲಿಸಿಬಿಟ್ಟರು.

ಹೊನ್ನತ್ತೆ ಕಣ್ಣು ಮಿಟುಕಿಸಲಿಲ್ಲ. ಗಂಡಸರ ಭಜನೆಯನ್ನು ಹೆಂಗಸರ ಸಾಲಿನಲ್ಲಿ ಕೂತು ವರ್ಷಾನುಗಟ್ಟಲೆ ಕೇಳಿದ್ದವಳು. ಬಿದ್ದ ಸಾಲನ್ನು ನೆಲಕ್ಕೆ ತಾಗುವ ಮೊದಲೇ ಹಿಡಿದಳು. ಒರಟು ಧ್ವನಿ, ಆದರೆ ತಾಳ ಸುತ್ತಿಗೆಯಂತೆ. ಮಾಮನ ಮುಖದ ಗಂಟು ಸಡಿಲಾಯಿತು. ಅಡ್ಡಿಲ್ಲ, ಎಂದುಕೊಂಡರು.

ಆದರೆ ಹಾಡು ಈಗ ಹೊನ್ನತ್ತೆಯ ಬಾಯಲ್ಲಿ ಸಿಕ್ಕಿಬಿದ್ದಿತ್ತು. ಅವಳು ಕಣ್ಣಿನಿಂದಲೇ ಮಾಮನಿಗೆ, ತಕೊಳ್ಳಿ, ಎಂದಳು. ಮಾಮ ತೆಗೆದುಕೊಂಡರು. ಆಮೇಲೆ ಮತ್ತೆ ಅವಳಿಗೆ ಕೊಟ್ಟರು. ಮಾತಿಗೆಂದು ಕೂತವರಿಗೆ ಮಾತಾಡಲು ಬಿಡುವೇ ಇಲ್ಲ. ಒಬ್ಬರಿಗೆ ಉಸಿರು ಹತ್ತಿದಾಗ ಇನ್ನೊಬ್ಬರು, ಇಬ್ಬರಿಗೂ ಹತ್ತಿದಾಗ ಚಂಪಕ್ಕ. ಅವರು ಒಲೆಯ ಮೇಲಿನ ಬೇಳೆ ಸಾರು ಬಿಟ್ಟು ಸೌಟಿನ ಸಮೇತ ಓಡಿಬಂದು ಹಾಡು ಹಿಡಿದರು. ಸಾರು ಉಕ್ಕಿ ಒಲೆ ಆರಿತು. ನೆರೆಯವರು ಅಂಗಳದಲ್ಲಿ ಬಂದು ನಿಂತರು. ಮದುವೆ ನಿಶ್ಚಯವಾಯಿತೋ ಮುರಿಯಿತೋ ಯಾರಿಗೂ ಗೊತ್ತಿಲ್ಲ, ಕೇಳಲು ಹಾಡಿನ ನಡುವೆ ಜಾಗವಿಲ್ಲ.

ಸಂಜೆ ವಿಜೇತಾ ಶಾಲೆಯಿಂದ ಬಂದಳು. ಕೈಯಲ್ಲಿ ಚಾಕ್‌ಪೀಸಿನ ಬಿಳಿ ಇನ್ನೂ ಇತ್ತು. ಜಗಲಿಯಲ್ಲಿ ಮೂವರು ಹಿರಿಯರು ಬೆವರಿಳಿಸುತ್ತ, ಒಡೆದ ಗಂಟಲಿನಲ್ಲಿ, ಒಬ್ಬರ ಮುಖ ಒಬ್ಬರು ನೋಡುತ್ತ ಹಾಡುತ್ತಿದ್ದರು. ಅವಳು ಬಚ್ಚಲಿಗೆ ಹೋಗಿ ಕೈಕಾಲು ತೊಳೆದು, ದೇವರ ಮುಂದೆ ದೀಪ ಹಚ್ಚಿ, ಆರತಿ ತಟ್ಟೆ ಹಿಡಿದು ಹೊರಗೆ ಬಂದು ಬೆಳಗಿದಳು.

ಆರತಿಯಾದರೆ ಹಾಡು ನಿಲ್ಲಬಹುದು. ನಿಂತಿತು.

ಹೊನ್ನತ್ತೆ ದೀಪಕ್ಕೆ ಕೈ ಒಡ್ಡಿ ಕಣ್ಣಿಗೆ ಒತ್ತಿಕೊಂಡಳು. ತಣ್ಣಗಾದ ಚಾವನ್ನು ಒಂದೇ ಗುಟುಕಿಗೆ ಕುಡಿದು, ಸ್ವರ ಸಿಕ್ಕಿದ ಮೇಲೆ ಚಂಪಕ್ಕನ ಕಡೆ ತಿರುಗಿದಳು.

“ಮಾಘದಲ್ಲಿ ಇಟ್ಕೊಳ್ವ. ನಮ್ಮನೇಲಿ ಹಾಡೂವ್ರು ಸುಮಾರು ಜನ ಅವ್ರೆ. ನಿಲ್ಸೂವ್ರು ಒಬ್ರೂ ಇರ್ಲಿಲ್ಲ.”